ಮುಕ್ಕಾಲಿಂಚಿನ ಗ್ಲ್ಯಾಂಡು

ಎಂಬತ್ತನೇ ಇಸವಿ ಆಸುಪಾಸಿನ ಮಾತು. ನಾನು ಶಿಗ್ಗಾವಿಯೊಳಗ ಗಣಿತದ ಮಾಸ್ತರ. ಹಿರೇಬೆಂಡಿಗೇರಿಯೊಳಗ ನಮ್ಮಕ್ಕನ ಹೊಲದ ಬಾವಿಗೆ ಹೊಸದಾಗಿ ಮೋಟರ್ ಕೂಡಿಸಿದ್ವಿ. ವೈರಮನ್ ಬಂದು ವೈರು ಜೋಡಿಸಿ, "ಮಾಸ್ತರ, ಸ್ಟಾರ್ಟರ್ ಪೆಟ್ಟಿಗಿಗೆ ಮುಕ್ಕಾಲಿಂಚಿನ ಗ್ಲ್ಯಾಂಡ್ ಒಂದು ತಂದಿಡ್ರಿ, ಅದನ್ನೂ ಅರ್ಥಿಂಗೂ ಮುಂದಿನ ವಾರ ಬಂದು ಹಾಕ್ತೇನಿ" ಅಂತ ಹೇಳಿ ಹ್ವಾದ. ಕಬ್ಬಿಣದ ಪೆಟ್ಟಿಗಿಯೊಳಗ ಕೇಬಲ್ ಹೋಗೋ ತೂತಿಗೆ ತಿರುವಿ ಕೂಡಿಸೋ ಹಿತ್ತಾಳಿ ಸಾಮಾನು ಅದು. ಕೇಬಲ್ಲನ್ನ ಅಲುಗಾಡದಂಗ ಹಿಡಕೊಂತೈತಿ.

ಅಂಗಡಿಯವ ಕೊಟ್ಟಿದ್ದನ್ನ ಅಲ್ಲೇ ಸ್ಕೇಲ್ ಇಟ್ಟು ಅಳದೆ. ಅದರ ತೂತು ಅರ್ಧ ಇಂಚಿನ ಮ್ಯಾಲೆ ಒಂದೀಟು, ಅಷ್ಟ.

"ಇದು ಮುಕ್ಕಾಲಲ್ಲ."

"ಇದಕ್ಕ ಮುಕ್ಕಾಲಂತಾರ್ರಿ."

"ಅಂದ್ರ ಆತೇನು?"

ನನಗ ಸಿಟ್ಟು ಮೂಗಿನ ತುದಿ ಮ್ಯಾಲೇ. ಅವನ ಡಬ್ಬಿ ಕೆದರಿ, ತೂತು ಸರಿಯಾಗಿ ಮುಕ್ಕಾಲಿಂಚು ಇದ್ದದ್ದನ್ನ ಆರಿಸಿ ತಂದೆ. ವಾರ ಕಳೀತು, ವೈರಮನ್ ಬರಲಿಲ್ಲ. ನಾನ ಫ್ಯೂಸ್ ತಗದು, ವೈರ್ ಬಿಚ್ಚಿ, ಅರದಿಂದ ಪೆಟ್ಟಿಗಿ ತೂತು ದೊಡ್ಡದು ಮಾಡಿ ಆ ಗ್ಲ್ಯಾಂಡ್ ಕೂಡಿಸಿ, ವೈರ್ ಮತ್ತ ಜೋಡಿಸಿದೆ. ಅದರೊಳಗ ಕೇಬಲ್ ಸಡಿಲಾತು. ಅದಕ್ಕ ಸೈಕಲ್ ಟ್ಯೂಬ್ ಸುತ್ತಿ ಬಿಗದೆ. ಅಕ್ಕ ಬಾಜೂಕ ನಿಂತು ನೋಡಿ ಭಾಳ ಖುಷಿಪಟ್ಟಳು.

ಮುಂದ ಹದಿನೈದು ದಿನಕ್ಕ ಶಿಗ್ಗಾವಿ ಬಸ್‌ಸ್ಟ್ಯಾಂಡಿನೊಳಗ ವೈರಮನ್ ಚಾ ಕುಡೀತ ಸಿಕ್ಕ. ನನ್ನ ಕೆಲಸದ ಬಗ್ಗೆ ಜಂಬ ಕೊಚ್ಚಿಕೊಂಡೆ. ಅವನ ಮಾರಿ ಇಳೀತು.

"ಮಾಸ್ತರ, ನಿಮ್ಮ ಚಪ್ಪಲಿ ಎಷ್ಟು ನಂಬರ್?"

"ಎಂಟು."

"ಅದರಾಗ ಎಂಟು ಎಲ್ಲಿ ಐತ್ರಿ? ಹೆಸರಷ್ಟ. ಗ್ಲ್ಯಾಂಡೂ ಹಂಗ. ಮೋಟರ್ ನಡುಗಿದಂಗ ಟ್ಯೂಬ್ ಜಾರತೈತಿ, ಕೇಬಲ್ ತಗಡಿಗೆ ತಿಕ್ಕಿ ಸುಲೀತೈತಿ. ಸೋರಿದ ಕರೆಂಟ್ ನೆಲಕ್ಕಿಳಿಸಾಕ ಅರ್ಥಿಂಗ್ ಬ್ಯಾರೆ ಇಲ್ಲ, ಪೆಟ್ಟಿಗಿ ಪೂರಾ ಕರೆಂಟ್ ಬರತೈತಿ. ಸ್ಟಾರ್ಟರ್ ಗುಂಡಿ ಒತ್ತೋರು ಯಾರು?"

"ಅಕ್ಕ."

ಚಾ ಅಲ್ಲೇ ಬಿಟ್ಟು ಎದ್ದ. ಇಬ್ಬರೂ ಬಸ್ ಹತ್ತಿದ್ವಿ. ಅವ್ವ ತೀರಿದ ಮ್ಯಾಲೆ ನನ್ನನ್ನ ಸಾಕಿದಾಕಿ ಅಕ್ಕ. ನೀರು ಹಾಯಿಸುವಾಗ ಬರಿಗಾಲು, ಕೆಸರು, ಹಸಿ ಕೈ. ಯಾರದೋ ಮೂಟಿ ಏರಿಸಾಕಂತ ಬಸ್ ನಿಂತಾಗ ಡ್ರೈವರನ ಮ್ಯಾಲೆ ಹರಿಹಾಯ್ದೆ. ಅವ ತಿರುಗಿ ನನ್ನ ಮಾರಿ ನೋಡಿ ಗಾಡಿ ಬಿಟ್ಟ.

ಹೊಲದ ಬದುವಿಗೆ ಬಂದ್ರ ಮೋಟರ್ ಸಪ್ಪಳ ಕೇಳಾಕತ್ತಿತ್ತು. ಅಂದ್ರ ಗುಂಡಿ ಒತ್ತಿದ್ದಾಳ. ಬಾವಿ ಹತ್ತರ ಯಾರೂ ಇರಲಿಲ್ಲ. "ಅಕ್ಕಾ" ಅಂತ ಕೂಗಿದೆ. ಮೆಣಸಿನಗಿಡದ ಸಾಲಿನೊಳಗ ಸಲಿಕಿ ಹಿಡಕೊಂಡು ಬಗ್ಗಿದಾಕಿ ಎದ್ದು ನಿಂತಳು. ನಾನು ಅಲ್ಲೇ ಕುಂತಬಿಟ್ಟೆ.

ವೈರಮನ್ ಪೆಟ್ಟಿಗಿಗೆ ಟೆಸ್ಟರ್ ಹಚ್ಚಿದ. ಅದರ ದೀಪ ಹತ್ತಿತು. "ಪೆಟ್ಟಿಗಿಗೆ ಕರೆಂಟ್ ಬಂದೈತಿ" ಅಂತ ಕೂಗಿ ಕಂಬದ ಕಡೆ ಓಡಿ ಫ್ಯೂಸ್ ಕಿತ್ತ.

"ಹೌದೋ ತಮ್ಮಾ, ನಾಕು ದಿನ ಆತು, ಮುಟ್ಟಿದ್ರ ಕೈ ಜುಂ ಅಂತೈತಿ" ಅಂದಳು ಅಕ್ಕ.

"ಹೇಳಾಕ ಏನಾಗಿತ್ತು ನಿನಗ?" ಹೆದರಿಕಿ ಪೂರಾ ಸಿಟ್ಟಾಗಿ ಹೊರಗ ಬಂತು.

"ನೀ ಅಳದು ಹಾಕಿದ್ದಿ, ಅದು ಹೆಂಗ ತಪ್ಪತೈತಿ? ನನ್ನ ಕಾಲು ಹಸಿ ಇರತಾವ, ತಪ್ಪು ನಂದ ಅಂತ ತಿಳಕೊಂಡೆ. ಈಗ ದಿನಾ ಸೆರಗಿಲೆ ಕಾಲು ಒರಸಿಕೊಂಡ ಗುಂಡಿ ಒತ್ತಾಕತ್ತೇನಿ."