ಓಜೆಲ್ಲಾ ಅಜ್ಜಿಯ ದನಿ

ಟ್ಯಾಬಿ ಗ್ರೇಸ್ ಎಂಬ ಹುಡುಗಿ ಪೈನಿ ಗ್ಯಾಪ್ ಎಂಬ ಹಳ್ಳಿಯಲ್ಲಿ ಹುಟ್ಟಲೇ ಇಲ್ಲ. ಅಲ್ಲಿ ಹುಟ್ಟಿದವಳು ಟ್ಯಾಬಿತಾ ನೋಲೆನ್. ಗ್ರೇಸ್ ಎಂಬುದನ್ನು ನ್ಯಾಶ್‌ವಿಲ್ಲಿನ ಹಾಡಿನ ಕಂಪನಿಯವರು ಕೇಕಿನ ಮೇಲೆ ಸಕ್ಕರೆ ಹೂವು ಅಂಟಿಸಿದ ಹಾಗೆ ಆಮೇಲೆ ಅಂಟಿಸಿದ್ದು. ಅವಳ ಸೋದರತ್ತೆ ಲೋಯ್ಸ್ ನೋಲೆನ್‌ಗೆ ಈ ಹೊಸ ಹೆಸರು ಗೊತ್ತಾಗಿದ್ದು ಕೋಳಿ ಕಾರ್ಖಾನೆಯ ಊಟದ ಕೋಣೆಯಲ್ಲಿ, ಪಕ್ಕದಲ್ಲಿ ಕೂತವಳ ಫೋನಿನಿಂದ. ಹೆಸರಿನ ಕೆಳಗೆ ಸೋದರ ಸೊಸೆಯ ಜೀವನಚರಿತ್ರೆಯೂ ಇತ್ತು. ಇಪ್ಪತ್ತನಾಲ್ಕು ವರ್ಷದವಳಿಗೆ ಅದೆಂಥ ಚರಿತ್ರೆಯೋ ದೇವರೇ ಬಲ್ಲ.

ಅಲಬಾಮಾದ ಬೆಟ್ಟದ ಮೇಲೆ ಮರದ ಗುಡಿಸಲಲ್ಲಿ ಹುಟ್ಟಿದವಳಂತೆ. ಹರಿಯುವ ಹೊಳೆಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದವಳಂತೆ. ದೇವದೂತೆಯ ಕಂಠವಿದ್ದ ಅಜ್ಜಿಯ ಮಡಿಲಲ್ಲಿ ಕೂತು ಹಾಡು ಕಲಿತವಳಂತೆ.

"ಗುಡಿಸಲಂತೆ," ಎಂದಳು ಲೋಯ್ಸ್, ಕೈಯಲ್ಲಿದ್ದ ಬಿಸ್ಕತ್ತನ್ನು ಕೆಳಗಿಟ್ಟು. "ನಮ್ಮಣ್ಣ ಟೀವಿ ಡಿಶ್ ಮಾರಿ ಕಟ್ಟಿಸಿದ ಇಟ್ಟಿಗೆ ಮನೆ ಅದು. ಎರಡೆರಡು ಏಸಿ. ಗುಡಿಸಲಲ್ಲಿ ಹುಟ್ಟಿದ್ದು ನಮ್ಮನೆ ನಾಯಿ."

"ಹೊಳೆ?" ಎಂದು ಕೇಳಿದಳು ಪಕ್ಕದವಳು.

"ಹೊಳೆ ಇತ್ತು ಕಣೆ. ಗೋಡೆ ಮೇಲೆ."

ಅದು ಸುಳ್ಳಲ್ಲ. ಟ್ಯಾಬಿಗೆ ಹನ್ನೆರಡು ತುಂಬಿದಾಗ ದೀಕ್ಷಾಸ್ನಾನ ಆದದ್ದು ಪೇಟೆಯ ದೊಡ್ಡ ಚರ್ಚಿನ ತೊಟ್ಟಿಯಲ್ಲಿ. ನೀರನ್ನು ಹದವಾಗಿ ಕಾಯಿಸಿದ್ದರು. ತೊಟ್ಟಿಯ ಹಿಂದಿನ ಗೋಡೆಗೆ ಯಾರೋ ಹೊಳೆಯ ಚಿತ್ರ ಬರೆದಿದ್ದರು, ನೀಲಿ ಬಣ್ಣ ತುಸು ಜಾಸ್ತಿಯೇ ಹಾಕಿ. ಹುಡುಗಿ ಮೇಲೆದ್ದು ಮಾಡಿದ ಮೊದಲ ಕೆಲಸವೆಂದರೆ ಅಪ್ಪ ಫೋಟೊ ತೆಗೆದನೋ ಇಲ್ಲವೋ ಎಂದು ಕಣ್ಣು ಹಾಯಿಸಿದ್ದು. ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರಲ್ಲ, ಮೊಳಕೆ ಅಂದೇ ಕಂಡಿತ್ತು.

ಇನ್ನು ದೇವದೂತೆಯ ಕಂಠ. ಲೋಯ್ಸ್‌ಳ ತಾಯಿ ಓಜೆಲ್ಲಾಳ ದನಿಯ ಮುಂದೆ ಎಣ್ಣೆ ಕಾಣದ ಗೇಟೂ ಇಂಪಾಗಿತ್ತು. ಮೇಲಿನ ಸ್ವರಕ್ಕೆ ಹೋದರೆ ಒಡೆಯುತ್ತಿತ್ತು, ಕೆಳಗೆ ಬಂದರೆ ಗೊರಗುಟ್ಟುತ್ತಿತ್ತು. ಆದರೂ ಅರವತ್ತು ವರ್ಷ ಒಂದು ಹಾಡಿನ ಭಾನುವಾರವನ್ನೂ ಆಕೆ ತಪ್ಪಿಸಲಿಲ್ಲ, ಬಾಯಿ ತುಂಬ ಹಾಡಿದಳು, ಯಾರೂ ಏನೂ ಅನ್ನಲಿಲ್ಲ. ಯಾಕೆಂದರೆ ಪೈನಿ ಗ್ಯಾಪ್ ಚರ್ಚಿನಲ್ಲಿ ಹಾಡುವವರಿದ್ದಾರೆ, ಕೇಳುವವರಿಲ್ಲ. ಬೆಂಚುಗಳನ್ನು ನಾಲ್ಕು ಕಡೆ ಒಳಮುಖವಾಗಿ ಹಾಕಿರುತ್ತಾರೆ, ಒಂದೊಂದು ಕಡೆ ಒಂದೊಂದು ದನಿಯವರು. ನಡುವಿನ ಖಾಲಿ ಚೌಕದಲ್ಲಿ ಒಬ್ಬರು ನಿಂತು, ಮೂಲ ಧಾಟಿ ಹಿಡಿಯುವ ಮುಖ್ಯ ದನಿಯವರಿಗೆ ಮುಖ ಕೊಟ್ಟು, ಕೈ ಮೇಲೆ ಕೆಳಗೆ ಆಡಿಸಿ ಹಾಡು ನಡೆಸುತ್ತಾರೆ. ಮೊದಲು ಸ್ವರ, ಆಮೇಲೆ ಮಾತು. ಪಿಯಾನೊ ಇಲ್ಲ, ಗಿಟಾರಿಲ್ಲ, ಚಪ್ಪಾಳೆ ಇಲ್ಲ. ಚೆನ್ನಾಗಿ ಹಾಡಿದವರಿಗೆ ಹೊಗಳಿಕೆಯಿಲ್ಲ, ಕೆಟ್ಟದಾಗಿ ಹಾಡಿದವರಿಗೆ ತೆಗಳಿಕೆಯಿಲ್ಲ. ಕೊನೆಯ ಇಪ್ಪತ್ತು ವರ್ಷ ಮಾತ್ರ ಓಜೆಲ್ಲಾ ಮುಂದಿನ ಸಾಲು ಬಿಟ್ಟು, ಒಂದು ನೀಲಿ ದಿಂಬು ಹಾಕಿಕೊಂಡು, ಕಟ್ಟಕಡೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಕೇಳಿದವರಿಗೆ, ಕಿಟಕಿಯ ಗಾಳಿ ಬೇಕು ಅನ್ನುತ್ತಿದ್ದಳು.

ಟ್ಯಾಬಿಯ ಅಪ್ಪ ಅಮ್ಮ ಬೇರೆಯಾದ ಮೇಲೆ ಮಗುವನ್ನು ಸಾಕಿದ್ದು ಈ ಇಬ್ಬರು ಹೆಂಗಸರು. ಅಡುಗೆಮನೆಯ ಮೇಜಿನ ಮೇಲೆ ಹಾಡಿನ ಅಗಲ ಪುಸ್ತಕ ಬಿಡಿಸಿ ಲೋಯ್ಸ್ ಅವಳಿಗೆ ಸ್ವರಗಳ ಆಕಾರ ಕಲಿಸಿದಳು: ಮುಕ್ಕೋನ ಕಂಡರೆ ಫ, ದುಂಡಗಿದ್ದರೆ ಸೊಲ್, ಚೌಕವಿದ್ದರೆ ಲ, ವಜ್ರದ ಹರಳಿನಂತಿದ್ದರೆ ಮಿ. ಏಳನೇ ವಯಸ್ಸಿಗೆ ಹುಡುಗಿ ಸೋಡಾ ಪೆಟ್ಟಿಗೆಯ ಮೇಲೆ ನಿಂತು ನೂರು ಜನರ ಹಾಡು ನಡೆಸಿದಳು. ದನಿ ಚೆನ್ನಾಗಿತ್ತು. ಲೋಯ್ಸ್ ಅದನ್ನು ಅವಳಿಗೆ ಎಂದೂ ಹೇಳಲಿಲ್ಲ. ಈ ಮನೆತನದಲ್ಲಿ ಹೇಳುವ ರೂಢಿಯಿಲ್ಲ.

ಹೇಳುವವರು ಬೇರೆ ಕಡೆ ಸಿಕ್ಕರು. ಹದಿನಾಲ್ಕಕ್ಕೆ ಗಿಟಾರು ಬಂತು, ಹದಿನಾರಕ್ಕೆ ಟ್ರ್ಯಾಕ್ಟರ್ ಜಗ್ಗಾಟದ ಜಾತ್ರೆಯಲ್ಲಿ ರಾಷ್ಟ್ರಗೀತೆ ಹಾಡುವ ಅವಕಾಶ ಬಂತು, ಹದಿನೆಂಟಕ್ಕೆ ಟೀವಿ ಸ್ಪರ್ಧೆಯಲ್ಲಿ ನಾಲ್ಕನೆಯ ಸ್ಥಾನ. ನಾಲ್ಕನೆಯವಳಾಗಿದ್ದಕ್ಕೆ ದೇವರಿಗೆ ವಂದನೆ ಹೇಳಿ ವೇದಿಕೆಯ ಮೇಲೆ ಮಂಡಿಯೂರಿದಳು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಬ್ಬಿಸಿದರೂ ಏಳದ ಮೈಗಳ್ಳಿ ಅಲ್ಲಿ ಮಂಡಿಯೂರಿದ್ದನ್ನು ನೋಡಿ ಲೋಯ್ಸ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹತ್ತೊಂಬತ್ತಕ್ಕೆ ನ್ಯಾಶ್‌ವಿಲ್ ಸೇರಿದಳು. ಅಲ್ಲಿ ಅವಳ ಹಳ್ಳಿ ಮಾತಿಗೆ ಇನ್ನಷ್ಟು ಹಳ್ಳಿ ಬೆರೆಸಿದರು. ಜನ್ಮದಲ್ಲಿ ಕುದುರೆ ಹತ್ತದವಳಿಗೆ ಬೂಟು ತೊಡಿಸಿದರು. ಸಾಲಿನ ಕೊನೆಗೆ ದನಿಯನ್ನು ಜಾರಿಸಿ ಬಿಕ್ಕುವುದನ್ನು ಕಲಿಸಿದರು. ಅಜ್ಜಿಯ ಇಂಪಾದ ದನಿ ವರಾಂಡದಿಂದ ಈಗಲೂ ನನ್ನನ್ನು ಕರೆಯುತ್ತದೆ ಎಂಬ ಅರ್ಥದ ಅವಳ ಹಾಡೊಂದು ಪೆಟ್ರೋಲ್ ಬಂಕುಗಳಲ್ಲೆಲ್ಲ ಕೇಳತೊಡಗಿತು. ಆ ವರಾಂಡದಲ್ಲಿ ಓಜೆಲ್ಲಾ ಕರೆದದ್ದು ಬೆಕ್ಕನ್ನು ಮಾತ್ರ, ಅದೂ ಓಡಿಹೋಗುತ್ತಿತ್ತು.

ಆದರೂ ಸೊಸೆಯ ಒಂದು ವಿಡಿಯೊವನ್ನೂ ಲೋಯ್ಸ್ ಬಿಡುತ್ತಿರಲಿಲ್ಲ. ಬೈಯುವುದಕ್ಕಾದರೂ ನೋಡಬೇಕಲ್ಲ.

ಓಜೆಲ್ಲಾ ಜನವರಿಯಲ್ಲಿ ತೀರಿಕೊಂಡಳು. ಹಾಸಿಗೆ ಹಿಡಿದ ಮೇಲೆ ಕೇಳಿದ್ದು ಒಂದೇ. "ಜೂನಿನ ಭಾನುವಾರ ಸತ್ತವರ ಹೆಸರು ಓದ್ತಾರಲ್ಲ, ನನ್ನ ಹೆಸರಿಗೆ ಹಾಡೋ ಹಾಡನ್ನ ಟ್ಯಾಬಿ ಕೈಲಿ ನಡೆಸು. ಚೌಕದೊಳಗೆ ನಿಂತು, ನಾವು ಕಲಿಸಿದ ಹಾಗೆ." ಲೋಯ್ಸ್ ಮಾತು ಕೊಟ್ಟಳು. ಮಣ್ಣಿನ ದಿನ ಟ್ಯಾಬಿ ಅರ್ಧ ದಿನಕ್ಕೆ ಬಂದು, ಕಪ್ಪು ಕನ್ನಡಕ ತೆಗೆಯದೆ ಹೋದಳು. ಮೇ ತಿಂಗಳಲ್ಲಿ ಲೋಯ್ಸ್ ತಾನೇ ಫೋನು ಮಾಡಿದಳು.

"ಬರ್ತೀಯೇನೆ?"

"ಬರ್ತೀನಿ ಅತ್ತೆ. ಅಜ್ಜಿಗೋಸ್ಕರ ಬರ್ದೆ ಇರ್ತೀನಾ?"

"ಗಿಟಾರ್ ತರಬೇಡ."

"ತರಲ್ಲ."

"ಚೌಕದಲ್ಲಿ ನಿಂತು ಎಲ್ರಂಗೆ ನಡೆಸಬೇಕು. ಬಿಕ್ಕೋದು ಗಿಕ್ಕೋದು ಏನೂ ಇಲ್ಲ."

ಆಚೆ ಕಡೆಯಿಂದ ನಗು ಕೇಳಿಸಿತು. "ನನ್ನ ಹಾಡು ಕೇಳಿದ್ದೀಯಾ ಹಾಗಾದ್ರೆ."

ಗಿಟಾರು ತರಲಿಲ್ಲ, ಆ ಮಾತು ಉಳಿಸಿಕೊಂಡಳು. ಗಿಟಾರಿನ ಬದಲು ಮೂರು ವ್ಯಾನು ತಂದಳು. ಒಂದರಿಂದ ಕ್ಯಾಮೆರಾಗಳು ಇಳಿದವು, ಇನ್ನೊಂದರಿಂದ ದೀಪಗಳು, ಮೂರನೆಯದರಿಂದ ಹಾಡಿನ ಕಂಪನಿಯ ಸ್ಪೆನ್ಸರ್ ಎಂಬ ಮನುಷ್ಯ. ಸಗಣಿ ಕಾಣದ ಬೂಟು ಹಾಕಿಕೊಂಡು ಬಂದವನು ಚರ್ಚನ್ನು ನೋಡಿ, "ಎಷ್ಟು ನಿಜವಾಗಿದೆ" ಎಂದ. ನೂರಿಪ್ಪತ್ತು ವರ್ಷದಿಂದ ಅದು ಸುಳ್ಳಾಗಿ ನಿಂತಿತ್ತೋ ಏನೋ. ಲೋಯ್ಸ್ ಹಾಡಿನ ಕೂಟದ ಅಧ್ಯಕ್ಷ ಆರ್ವಿಲ್ ಟಿಡ್‌ವೆಲ್‌ನ ಕಡೆ ನೋಡಿದಳು. ಎಂಬತ್ತರ ಆರ್ವಿಲ್ ಕೋಳಿ ಸಾಕಿ, ಹಾಡಿನ ಜನರನ್ನು ಕಾಯ್ದು ಮುದುಕನಾದವನು.

"ಇವ್ರನ್ನ ಒಳಗೆ ಬಿಡ್ತೀಯಾ ಆರ್ವಿಲ್?"

"ಬಂದವ್ರನ್ನ ಆಚೆ ಹಾಕೋ ಚರ್ಚಲ್ಲಮ್ಮ ಇದು. ಬೇಕಾದ್ರೆ ಅವ್ರೂ ಹಾಡ್ಲಿ."

ಅವರು ಹಾಡಲಿಲ್ಲ. ಚೌಕದ ನಡುವೆ ಮೈಕುಗಳನ್ನು ನೆಟ್ಟು, ಕಿವಿಗೆ ಡಬ್ಬಿ ಹಾಕಿಕೊಂಡು ಕೇಳುತ್ತ ಕೂತರು. ಆ ಚರ್ಚಿನಲ್ಲಿ ಕೇಳುವವರು ಬಂದದ್ದು ಅದು ಎರಡನೆಯ ಸಲ.

ಬೆಳಗಿನ ಹಾಡುಗಳು ಮುಗಿದವು. ಎಲ್ಲ ಹಾಡಿಗೂ ಶ್ರುತಿ ಕೊಡುವವಳು ಲೋಯ್ಸ್. ಮುಂದಿನ ಬೆಂಚಿನ ಮೂಲೆ ಅವಳ ಜಾಗ. ಪುಸ್ತಕದಲ್ಲಿ ಏನೇ ಅಚ್ಚಾಗಿರಲಿ, ಸೆಕೆ ಎಷ್ಟಿದೆ, ಗಂಟಲುಗಳು ಎಷ್ಟು ದಣಿದಿವೆ ಎಂದು ನೋಡಿ ಹದವಾದ ಜಾಗದಲ್ಲಿ ಫ ಹಿಡಿಯುವುದು ಅವಳ ಕೆಲಸ. ಸತ್ತವರ ಹೆಸರು ಓದಲು ಆರ್ವಿಲ್ ಕಾಗದ ತೆಗೆದ. ಟ್ಯಾಬಿ ಬಿಳಿ ಲಂಗ ಸರಿಮಾಡಿಕೊಂಡು ಎದ್ದಳು. ಅಷ್ಟರಲ್ಲಿ ಸ್ಪೆನ್ಸರ್ ಅವಳ ಕಿವಿಯಲ್ಲಿ ಏನೋ ಉಸುರಿದ. ಅವಳು ಬಂದು ಅತ್ತೆಯ ಮಂಡಿಯ ಬಳಿ ಕುಕ್ಕರಗಾಲಲ್ಲಿ ಕೂತಳು.

"ಅತ್ತೆ, ಬೇಜಾರ್ ಮಾಡ್ಕೋಬೇಡ. ನಿನ್ನ ದನಿ ಮೈಕಿಗೆ ಸ್ವಲ್ಪ ಚೂಪಾಗಿ ಬೀಳ್ತಿದೆಯಂತೆ. ಹಿಂದಿನ ಬೆಂಚಲ್ಲಿ ಕೂರ್ತೀಯಾ? ಇದೊಂದೇ ಹಾಡಿಗೆ."

ಐದು ವರ್ಷದಿಂದ ಮಸೆದಿಟ್ಟ ಮಾತುಗಳು ಲೋಯ್ಸ್‌ಳ ನಾಲಗೆಯ ತುದಿಗೆ ಬಂದವು. ಒಂದೂ ಹೊರಬೀಳಲಿಲ್ಲ. ಯಾಕೆಂದರೆ ಸೊಸೆ ಆಡಿದ ಮಾತು ಅವಳಿಗೆ ಹೊಸದಾಗಿರಲಿಲ್ಲ.

ಇಪ್ಪತ್ತು ವರ್ಷದ ಹಿಂದೆ ವಿಶ್ವವಿದ್ಯಾಲಯದ ಒಬ್ಬ ಮೇಷ್ಟ್ರು ಟೇಪ್ ಯಂತ್ರ ಹೊತ್ತು ಬಂದಿದ್ದರು. ಸಾಧು ಮನುಷ್ಯ, ಯಾರನ್ನೂ ಏನೂ ಕೇಳಿದವರಲ್ಲ. ಶ್ರುತಿ ಕೊಡುವ ಕೆಲಸ ಲೋಯ್ಸ್‌ಗೆ ಆಗಷ್ಟೇ ಬಂದಿತ್ತು, ತನ್ನ ಊರಿನ ಹಾಡು ಟೇಪಿನಲ್ಲಿ ಚೆನ್ನಾಗಿ ಬರಲೆಂಬ ಆಸೆ. ಅವಳೇ ತಾಯಿಯ ಮಂಡಿಯ ಬಳಿ ಹೀಗೆಯೇ ಕೂತು, "ಅಮ್ಮ, ಒಂದೇ ಒಂದು ದಿನ ಹಿಂದೆ ಕೂತ್ಕೋ. ನಿನ್ನ ದನಿ ಒಂದೇ ಎದ್ದು ಕೇಳುತ್ತೆ" ಅಂದಿದ್ದಳು. ಓಜೆಲ್ಲಾ ಮಗಳ ಮುಖವನ್ನು ಒಂದು ಗಳಿಗೆ ನೋಡಿ, ಪುಸ್ತಕ ಎತ್ತಿಕೊಂಡು ಕಡೆಯ ಬೆಂಚಿಗೆ ಹೋದಳು. ಮುಂದಿನ ಸಲ ದಿಂಬಿನೊಡನೆ ಬಂದು ನೇರ ಅಲ್ಲೇ ಕೂತಳು. ಲೋಯ್ಸ್ ಕರೆಯಲಿಲ್ಲ. ನಾಳೆ ಕರೆದರಾಯಿತು ಎಂದುಕೊಂಡಳು, ಆಮೇಲೆ ಮರೆತಳು, ಆಮೇಲೆ ಕಿಟಕಿಯ ಗಾಳಿ ಬೇಕೆಂಬ ತಾಯಿಯ ಮಾತನ್ನು ತಾನೂ ನಂಬಿದಳು.

ಲೋಯ್ಸ್ ಎದ್ದು ಹಿಂದಕ್ಕೆ ಹೋದಳು. ನೀಲಿ ದಿಂಬು ಇನ್ನೂ ಅಲ್ಲೇ ಇತ್ತು. ಅದರ ಮೇಲೆ ಕೂತಳು. ಅಲ್ಲಿಂದ ಕಾಣುವುದು ಬರೀ ಬೆನ್ನುಗಳು.

ಓಜೆಲ್ಲಾಳ ಹೆಸರು ಓದಿದರು. ಶ್ರುತಿ ಕೊಡುವವಳು ಇಲ್ಲದ್ದರಿಂದ ಟ್ಯಾಬಿ ಫೋನನ್ನು ಕಿವಿಗಿಟ್ಟು ಸ್ವರ ತೆಗೆದುಕೊಂಡಳು. ಅಚ್ಚಾದಷ್ಟೇ ಎತ್ತರ, ಜನಕ್ಕೆ ಒಂದು ಮೆಟ್ಟಿಲು ಜಾಸ್ತಿ. ಆರ್ವಿಲ್ ಹುಬ್ಬೇರಿಸಿದ. ಸ್ವರ ಹಾಡಿಸಿದಳು, ಮಾತು ಹಿಡಿದಳು, ಎರಡನೆಯ ಚರಣದಲ್ಲಿ ಮುಖ್ಯ ದನಿಯವರಿಗೆ ಬೆನ್ನು ಮಾಡಿ ಕ್ಯಾಮೆರಾದ ಕಡೆ ತಿರುಗಿದಳು. ಕೈ ಕಾಣದ ಜನ ತಮ್ಮ ಪಾಡಿಗೆ ತಾವು ಮುಂದೆ ಹೋದರು. ಅವರನ್ನು ಹಿಡಿಯಲು ಓಡಿ, ಮೇಲಿನ ಸ್ವರಕ್ಕೆ ಹಾರಿ, ಅಲ್ಲಿ ತನ್ನ ಕಂಪನಿಯ ಬಿಕ್ಕು ಹಾಕಲು ಹೋದಳು. ದನಿ ಒಡೆಯಿತು. ಎಣ್ಣೆ ಕಾಣದ ಗೇಟಿನ ಸದ್ದು, ಆ ಚರ್ಚು ಅರವತ್ತು ವರ್ಷ ಕೇಳಿದ್ದು. ಯಾರೂ ತಲೆ ತಿರುಗಿಸಲಿಲ್ಲ. ನೂರು ಗಂಟಲು ಹಾಡನ್ನು ಎತ್ತಿಕೊಂಡು ದಡ ಮುಟ್ಟಿಸಿದವು.

ಸ್ಪೆನ್ಸರ್ ಒಂದು ಬೆರಳು ಎತ್ತಿ ಗಾಳಿಯಲ್ಲಿ ಸುತ್ತಿಸಿದ. ಟ್ಯಾಬಿ ಕೆಂಪೇರಿದ್ದಳು.

"ಆರ್ವಿಲ್ ತಾತ, ಇನ್ನೊಂದ್ಸಲ ಹಾಡೋಣ್ವಾ? ನನ್ನ ದನಿ ಒಡೀತು."

"ಒಡೆದ್ರೆ ಏನಾಯ್ತು ಮಗಾ, ನಿಮ್ಮಜ್ಜೀದು ಹುಟ್ಟಿದಾಗಿಂದ ಒಡೆದೇ ಇತ್ತು." ಬೆಂಚುಗಳಲ್ಲಿ ನಗು ಓಡಾಡಿತು. ಆರ್ವಿಲ್ ಹೆಸರಿನ ಕಾಗದವನ್ನು ಮಡಚಿ ಜೇಬಿಗಿಟ್ಟ. "ಸತ್ತವ್ರಿಗೆ ಎರಡನೇ ಸಲ ಅನ್ನೋದಿಲ್ಲ. ಏಳಿ, ಕೋಳಿ ಆರಿಹೋಗುತ್ತೆ."

ಅವನು ಹೇಳಿದ್ದು ಹುಡುಗಿಗೆ. ಬಂದು ತಾಗಿದ್ದು ಹಿಂದಿನ ಬೆಂಚಿಗೆ. ಎಲ್ಲರೂ ಮರಗಳ ಕೆಳಗಿನ ಊಟಕ್ಕೆ ಹೋದರೂ ಲೋಯ್ಸ್ ಏಳಲಿಲ್ಲ. ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ಆ ಹೊತ್ತು ಅವಳಿಗೆ ಅದು ಚೆನ್ನಾಗಿ ಕಂಡಿತು, ನೋಡಲು ಅಸಹ್ಯವಾಗಿತ್ತು. ತಾನು ಸುಳ್ಳಿ ಎಂದು ಬೈಯುತ್ತಿದ್ದ ಹುಡುಗಿ ಸುಳ್ಳು ಹೇಳಿಯಾದರೂ ಅಜ್ಜಿಗೊಂದು ದನಿ ಕೊಟ್ಟಿದ್ದಳು. ಎಂದೂ ಸುಳ್ಳು ಹೇಳದ ತಾನು ಇದ್ದದ್ದನ್ನೂ ಹಿಂದಕ್ಕೆ ಕಳಿಸಿದ್ದಳು.

ಟ್ಯಾಬಿ ತಟ್ಟೆ ಹಿಡಿದು ಬಂದಳು. ಕರಿದ ಕೋಳಿ, ಜೋಳದ ಬ್ರೆಡ್ಡು, ಬಾಳೆಹಣ್ಣಿನ ಪುಡ್ಡಿಂಗು. ಪಕ್ಕದಲ್ಲಿ ಕೂತು ಶವಸಂಸ್ಕಾರದ ಅಂಗಡಿಯವರು ಪುಕ್ಕಟೆ ಹಂಚಿದ ರಟ್ಟಿನ ಬೀಸಣಿಗೆಯಿಂದ ಮುಖಕ್ಕೆ ಬೀಸಿಕೊಂಡಳು.

"ಬೈಯಿ ಅತ್ತೆ. ಅದಕ್ಕೇ ಬಂದಿದ್ದೀನಿ."

ಲೋಯ್ಸ್ ತಟ್ಟೆ ತೆಗೆದುಕೊಂಡಳು, ತಿನ್ನಲಿಲ್ಲ.

"ಅಜ್ಜಿ ಇಲ್ಲಿ ಹೆಂಗೆ ಕೂರ್ತಿದ್ಲೋ," ಎಂದಳು ಟ್ಯಾಬಿ, ಕಿಟಕಿಯನ್ನು ಮೇಲೆತ್ತಲು ನೋಡುತ್ತ. "ಬಣ್ಣ ಬಳಿದು ಅಂಟಿಹೋಗಿದೆ ಇದು. ಯಾವ ಕಾಲದ್ದೋ. ಒಂಚೂರೂ ಗಾಳಿ ಬರಲ್ಲ."

ಲೋಯ್ಸ್ ಕಿಟಕಿಯನ್ನು ನೋಡಿದಳು. ಚೌಕಟ್ಟಿನ ಸಂದಿಯಲ್ಲಿ ಬಿಳಿ ಬಣ್ಣ ಪದರ ಪದರವಾಗಿ ಗಟ್ಟಿಯಾಗಿತ್ತು.

"ನಾನೇ ಕೂರಿಸಿದ್ದು," ಎಂದಳು. "ಟೇಪಿನವರು ಬಂದಿದ್ರು. ದನಿ ಚೆನ್ನಾಗಿಲ್ಲ ಅಂತ ನಾನೇ ಎಬ್ಬಿಸಿ ಇಲ್ಲಿಗೆ ಕಳಿಸ್ದೆ. ಚರಿತ್ರೆ ಬರ್ಸ್ತೀಯಲ್ಲ, ಇದನ್ನ ಬರ್ಸು."

ಟ್ಯಾಬಿಯ ಬೀಸಣಿಗೆ ನಿಂತಿತು. ಅತ್ತೆಯ ತಟ್ಟೆಯಿಂದ ಬ್ರೆಡ್ಡು ಮುರಿದು ಅವಳ ಕೈಗಿಟ್ಟಳು.

ಊಟವಾಗಿ ಜನ ಒಳಗೆ ಬಂದರು. ಆರ್ವಿಲ್ ಮಧ್ಯಾಹ್ನದ ಮೊದಲ ಹಾಡಿನ ಪುಟ ಹೇಳಿ, ಮುಂದಿನ ಬೆಂಚಿನ ಖಾಲಿ ಮೂಲೆ ನೋಡಿ, ಕತ್ತು ಚಾಚಿ ಹುಡುಕಿದ.

"ಲೋಯ್ಸ್, ಶ್ರುತಿ. ಎಲ್ಲಿದ್ದೀಯ? ಮುಂದೆ ಬಾ."

"ಇಲ್ಲಿಂದ್ಲೇ ಕೊಡ್ತೀನಿ," ಎಂದಳು ಲೋಯ್ಸ್, ಮತ್ತು ದಿಂಬಿನ ಮೇಲೆ ಕೂತೇ ಫ ಹಿಡಿದಳು.