ಬಿಳಿ ಕೋಟಿನ ನಂಜು

ಇವತ್ತ ಮುಂಜಾನಿ ಹುನಗುಂದ ಬಸ್ ಸ್ಟ್ಯಾಂಡಿನ್ಯಾಗ ಒಬ್ಬ ಎಳೇ ಡಾಕ್ಟರ್ ಮಿರ್ಚಿ ತಿಂದು, ಕೈಯಾನ ಎಣ್ಣಿ ತನ್ನ ಬಿಳಿ ಕೋಟಿಗೆ ಒರಸಿಕೊಂಡ. ದವಾಖಾನಿಯಿಂದ ಸೀದಾ ಬಂದಿದ್ದ ಅಂತ ಕಾಣ್ತೈತಿ, ಮಿರ್ಚಿ ವಾಸನಿ ಕೂಡ ಫಿನೈಲ್ ವಾಸನಿನೂ ಮೂಗಿಗೆ ಬಡೀತು. "ಏನಪಾ, ಅದನ್ನ ಬಿಚ್ಚಿ ಬರಬಾರದ?" ಅಂತ ಬೈಬೇಕಂದೆ. ಆದ್ರ ಬೈಯಾಕ ನನಗೆಲ್ಲಿ ಮಾರಿ ಐತ್ರಿ?

ಹತ್ತು ಹನ್ನೆರಡು ವರ್ಷದ ಹಿಂದ ನಾ ಬಾಗಲಕೋಟ್ಯಾಗ ಒಂದ್ ಖಾಸಗಿ ದವಾಖಾನಿ ಲ್ಯಾಬಿನ್ಯಾಗ ಟೆಕ್ನಿಷಿಯನ್ ಇದ್ದೆ. ಕೆಲಸ ಏನಂದ್ರ ಮಂದಿ ಕಫಾ, ಕೀವು, ಉಚ್ಚಿ ಪರೀಕ್ಷಾ ಮಾಡೂದು. ಕೋಟು ಮಾತ್ರ ದೊಡ್ಡ ಡಾಕ್ಟರದ್ದು ಹೆಂಗೋ ಹಂಗ. ಶನಿವಾರ ಡ್ಯೂಟಿ ಮುಗಿಸಿ ನಮ್ಮೂರು ಇಳಕಲ್ಲಿಗೆ ಹೊಂಟ್ರ ಅದನ್ನ ಬಿಚ್ಚತಿರಲಿಲ್ಲ. ಬಿಚ್ಚಿದ್ರ ಕಂಡಕ್ಟರ್ "ಡಾಕ್ಟರ್ ಸಾಹೇಬ್ರ, ಮುಂದ ಬರ್ರಿ" ಅಂತಿದ್ನ? ಒಮ್ಮೆ ಬಸ್ಸಿನ್ಯಾಗ ಒಬ್ಬಾಕಿ ಮುದುಕಿ ನಾಲಿಗಿ ಚಾಚಿ ತೋರಿಸಿದ್ಲು. ನಾನೂ ಗಂಭೀರಾಗಿ ನೋಡಿ, "ನೀರ್ ಭಾಳ ಕುಡೀರಿ ಯವ್ವಾ" ಅಂದಿದ್ದೆ! ಕೋಟು ಒಗೀತಿದ್ದದ್ದು ಹದಿನೈದು ದಿನಕ್ಕೊಮ್ಮೆ. ಬಿಳೇದು ಬಿಳೇದಾಗಿ ಕಾಣೂತನಕ ಸ್ವಚ್ಛ ಅನ್ನೂದು ನನ್ನ ಶಾಸ್ತ್ರ. ದಿನಾ ರೋಗದ ಹುಳಾ ಬೆಳೆಸಿ ನೋಡಾಂವ ನಾ. ನಾಚಿಕಿ ಬರಬೇಕಿತ್ತು, ಬರಲಿಲ್ಲ.

ಹಂಗ ಒಂದ್ ಶನಿವಾರ ಮನಿಗೆ ಹೋದಾಗ, ಹಡಿಯಾಕ ಬಂದಿದ್ದ ತಂಗಿ ಗಂಗಾನ ಕೂಸಿಗೆ ಐದನೇ ದಿನ. ಅವತ್ತ ಶೆಟಿಗೆವ್ವ ಬಂದು ಕೂಸಿನ ಹಣಿಬರಾ ಬರೀತಾಳಂತ ನಮ್ಮ ಕಡೆ ಹಾಳಿ, ಪೆನ್ನು ಇಡ್ತಾರ. ನಮ್ಮವ್ವ ಅದಕ್ಕ ತನ್ನದೂ ಒಂದು ಕೂಡಿಸಿದ್ಲು. ಗೂಟಕ್ಕ ಹಾಕಿದ್ದ ನನ್ನ ಕೋಟು ಇಳಿಸಿ, ಕೂಸಿನ್ನ ಅದರಾಗ ಸುತ್ತಿ ಮಲಗಿಸಿದ್ಲು.

"ಇದೇನವ್ವಾ?" ಅಂದೆ.

"ಆಕಿಗೆ ತಿಳೀಬೇಕಲ್ಲೋ ಏನ್ ಬರೀಬೇಕಂತ. ಡಾಕ್ಟರ್ ಅಂತನ ಬರೀಲಿ."

ನಾನೂ ಉಬ್ಬಿದೆ. ಶೆಟಿಗೆವ್ವಗೂ ನಾ ಡಾಕ್ಟರಂಗ ಕಂಡ್ರ ನನ್ನದೇನ್ ತಪ್ಪು?

ಮೂರು ದಿನದಾಗ ಕೂಸಿನ ಹೊಕ್ಕಳ ಕೆಂಪಾಗಿ ಕೀವು ತುಂಬಿತು. ಜ್ವರಾ ಏರಿತು, ಮೊಲಿ ಹಿಡೀದಂಗಾತು. ನಮ್ಮ ದವಾಖಾನ್ಯಾಗನ ಸೇರಿಸಿದ್ವಿ. ಕೀವು ನನ್ನ ಮೇಜಿಗೇ ಬಂತು, ಯಾವ ಹುಳಾ ಅಂತ ನೋಡಾಕ ಪ್ಲೇಟಿನ್ಯಾಗ ಬೆಳೆಸಾಕ ಇಟ್ಟೆ. ಅವ್ವ ಕೂಸಿನ್ನ ಕೋಟಿನ್ಯಾಗ ಸುತ್ತಿದ್ದು ನೆನಪಾತು. ಮೈಮ್ಯಾಲಿನ ಕೋಟಿಗೂ ಹತ್ತಿ ತಿಕ್ಕಿ, ಅದನ್ನ ಇನ್ನೊಂದು ಪ್ಲೇಟಿಗೆ ಹಚ್ಚಿಟ್ಟೆ. ಎರಡು ದಿನಕ್ಕ ಎರಡರಾಗೂ ಒಂದ ನಮೂನಿ ಬಂಗಾರ ಬಣ್ಣದ ಚುಕ್ಕಿ ಎದ್ದಿದ್ದವು, ಎರಡೂ ಒಂದ ಹುಳಾ.

ಹೊರಗ ಕಮತಗಿಯಿಂದ ಬಂದಿದ್ದ ಗಂಗಾನ ಅತ್ತಿ ತೀರ್ಪು ಕೊಟ್ಟಾಗಿತ್ತು. "ಬಾಯಿ ಕಟ್ಟಲಿಲ್ಲ ಇಕಿ. ಕದ್ದು ಬದನಿಕಾಯಿ ತಿಂದಾಳ. ಅದರ ನಂಜು ಕೂಸಿಗೆ ಇಳಿದೈತಿ."

"ಕೂಸಿನಾಣಿ ಮುಟ್ಟಿಲ್ರಿ ಅತ್ತಿ," ಅಂತ ಗಂಗಾ ಅಳಾಕತ್ತಿದ್ಲು. ನನ್ನ ನೋಡಿ, "ಅಣ್ಣಾ, ನೀ ಪರೀಕ್ಷಾ ಮಾಡೀದಿ, ನೀನಾರ ಹೇಳೋ" ಅಂದ್ಲು.

ಎರಡೂ ಪ್ಲೇಟು ಒಳಗ ಮೇಜಿನ ಮ್ಯಾಲಿದ್ದವು. ಕೋಟು ನನ್ನ ಮೈಮ್ಯಾಲಿತ್ತು. "ಹೊಕ್ಕಳಕ್ಕ ನಂಜಾಗೇತಿ, ಔಷಧ ಕೊಡ್ತಾರ," ಅಂದೆ. ಅಷ್ಟ ಅಂದೆ. ನಂಜು ಅಂದದ್ದ ತಡ, "ಕೇಳಿದ್ರೇನು? ಡಾಕ್ಟರ್ ಬೀಗರ ಹೇಳಾಕತ್ತಾರ!" ಅಂತ ಅತ್ತಿ ವಾರ್ಡಿಗೆಲ್ಲಾ ಸಾರಿದ್ಲು.

ಕೂಸು ಉಳೀತು, ಪುಣ್ಯಾ. ಕೋಟನ್ನ ಕುದಿಯೂ ನೀರಾಗ ಅದ್ದಿ ಒಗದೆ, ಬಸ್ಸಿಗೆ ಹಾಕ್ಕೊಳ್ಳೂದು ಬಿಟ್ಟೆ. ಬಾಯಿ ಮಾತ್ರ ಬಿಡಲಿಲ್ಲ. ಕಮತಗ್ಯಾಗ ಗಂಗಾ 'ಬದನಿಕಾಯಿ ತಿಂದಾಕಿ' ಅಂತನ ಉಳಿದ್ಲು. ಕೂಸು ಸೀನಿದ್ರೂ ಅತ್ತಿ ಮೊದಲ ಆಕಿ ತಾಟು ನೋಡತಿದ್ಲಂತ.

ಇವತ್ತ ಆ ಎಳೇ ಡಾಕ್ಟರನ್ನ ಬೈಯೂದು ಬ್ಯಾರೇ ಮಾತು, ಮೊದಲ ನನ್ನದು ಮುಗಿಸಬೇಕು ಅನಿಸ್ತು. ಬಾಗಲಕೋಟಿ ತನಕ ತಿಕೀಟು ತಗಸಿದ್ದೆ, ಕಮತಗ್ಯಾಗ ಇಳಿದೆ. ಗಂಗಾ ಪಡಸಾಲ್ಯಾಗ ಕುಂತು ಜ್ವಾಳಾ ಹಸನ ಮಾಡಾಕತ್ತಿದ್ಲು. ನಿಂತಲ್ಲೇ ಎಲ್ಲಾ ಹೇಳಿಬಿಟ್ಟೆ: ಕೋಟು, ಎರಡು ಪ್ಲೇಟು, ನನ್ನ ಹೇಡಿತನ. ಬೈತಾಳ, ಕೈಯಾಗಿನ ಮೊರಾ ತಗೊಂಡು ಒಗೀತಾಳ ಅಂತ ಕಾದೆ.

ಆಕಿ ಜ್ವಾಳದಾಗಿನ ಹರಳು ಆರಿಸೂದು ನಿಲ್ಲಿಸಲಿಲ್ಲ.

"ನಮ್ಮತ್ತಿ ಹ್ವಾದ ವರ್ಷ ತೀರಿಕೊಂಡ್ಲಲ್ಲೋ ಅಣ್ಣಾ," ಅಂದ್ಲು. "ಈಗ ಯಾರಿಗೆ ಹೇಳ್ಲಿ?"