ಬಾಯಾರಿಗೆ ಕೊಟ್ಟ ಸೀಸ

ಮೊನ್ನೆ ಪುಣೆಯ ಖರಾಡಿಯಲ್ಲಿ ಒಂದು ಟೈರ್ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದೆ. ನಾನು ಕಾರು ಎಂದು ಕರೆಯುವ ವಸ್ತುವೊಂದು ನನ್ನ ಬಳಿ ಇದೆ. ವೇಗ ಸ್ವಲ್ಪ ಹೆಚ್ಚಿಸಿದರೆ ಸಾಕು, ಸ್ಟಿಯರಿಂಗು ಚಳಿಜ್ವರ ಬಂದವರ ಹಾಗೆ ನಡುಗತೊಡಗುತ್ತದೆ. ಮೆಕ್ಯಾನಿಕ್ಕು ಚಕ್ರವನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿ, ತೂಕ ಸರಿದೂಗಿಸಲು ಅಂಚಿಗೆ ಬಡಿದಿದ್ದ ಹಳೆಯ ಸೀಸದ ತುಂಡೊಂದನ್ನು ಕಿತ್ತು ಎಸೆದ. ಅದು ನನ್ನ ಚಪ್ಪಲಿಯ ಹತ್ತಿರ ಬಂದು ಬಿತ್ತು. ಎತ್ತಿಕೊಂಡು ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಒತ್ತಿದೆ. ಉಗುರು ಜಾರಿತು, ಗುರುತು ಬೀಳಲಿಲ್ಲ. ಗಟ್ಟಿ ಸೀಸ. ಕಾಕಾ, ಅದು ಬೆಳ್ಳಿಯಲ್ಲ ಎಂದು ಮೆಕ್ಯಾನಿಕ್ಕು ಮರಾಠಿಯಲ್ಲಿ ನಕ್ಕ. ನಾನೂ ನಕ್ಕು ತುಂಡನ್ನು ಜೇಬಿಗೆ ಹಾಕಿಕೊಂಡೆ.

ಹೀಗೆ ಸೀಸ ಕಂಡಲ್ಲೆಲ್ಲ ಉಗುರೊತ್ತುವ ಚಾಳಿ ನನ್ನದಲ್ಲ, ಸುಲೋಚನಾ ಬಾಯಾರದ್ದು. ನಮ್ಮ ವಿಜಾಪುರದ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಬಾಯಾರು ಅನ್ನುತ್ತೇವೆ. ಇವರು ಪುಣೆಯ ಹುಡುಗಿಯರ ಶಾಲೆಯೊಂದರಲ್ಲಿ ಡ್ರಿಲ್ ಬಾಯಾರು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿ, ರವಿವಾರ ಬೆಳಿಗ್ಗೆ ರೈಫಲ್ ಕ್ಲಬ್ಬಿಗೆ ಹೋಗುತ್ತಿದ್ದರು. ಸುಳ್ಳು ಅನ್ನಬೇಡಿ. ನಾನೇ ಕಿವಿಗೆ ಹತ್ತಿ ತುರುಕಿಕೊಂಡು ಜೊತೆಗೆ ಹೋಗುತ್ತಿದ್ದೆ. ದುರ್ಬೀನಿನಲ್ಲಿ ನೋಡಿ ಗುಂಡು ಎಲ್ಲಿ ಬಿತ್ತೆಂದು ಹೇಳುವುದು ನನ್ನ ಕೆಲಸ. ಒಂದೊಂದು ಗುಂಡಿಗೂ ನಾನು ಬೆಚ್ಚಿಬೀಳುತ್ತಿದ್ದೆನಾದ್ದರಿಂದ ದುರ್ಬೀನಿನಲ್ಲಿ ಗುರಿಹಲಗೆಗಿಂತ ಆಕಾಶವೇ ಹೆಚ್ಚು ಕಾಣುತ್ತಿತ್ತು.

ನಮ್ಮ ಪರಿಚಯವಾದದ್ದು ನನ್ನ ಪ್ರೆಸ್ಸಿನಲ್ಲಿ. ಶಿವಾಜಿನಗರ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಕಾಲಿನಿಂದ ತುಳಿಯುವ ಅಚ್ಚಿನ ಯಂತ್ರವಿತ್ತು. ಅದಕ್ಕಿಂತ ಹೆಚ್ಚಾಗಿ ಕನ್ನಡದ ಸೀಸದ ಮೊಳೆಗಳಿದ್ದವು, ಒಂದೊಂದು ಅಕ್ಷರಕ್ಕೆ ಒಂದೊಂದು ಅಚ್ಚು. ನಮ್ಮಪ್ಪ ಅವನ್ನು ಹುಬ್ಬಳ್ಳಿಯಿಂದ ರೈಲಿನಲ್ಲಿ ಕಾಲಡಿ ಇಟ್ಟುಕೊಂಡು, ದಾರಿಯುದ್ದಕ್ಕೂ ನಿದ್ದೆ ಮಾಡದೆ ತಂದಿದ್ದರು. ಪುಣೆಯ ಕನ್ನಡದವರ ಲಗ್ನ, ಮುಂಜಿವೆ, ಗೃಹಪ್ರವೇಶದ ಪತ್ರಿಕೆಗಳೆಲ್ಲ ಅದರಲ್ಲೇ ಆಗುತ್ತಿದ್ದವು. ಬಾಯಾರಿಗೆ ಪರಿಚಯವಿಲ್ಲದ ಕನ್ನಡದ ಮನೆ ಪುಣೆಯಲ್ಲಿ ಇರಲಿಲ್ಲ. ಯಾರ ಮನೆಯಲ್ಲಿ ಲಗ್ನ ಗಟ್ಟಿಯಾದರೂ ಅವರನ್ನು ನನ್ನ ಬಾಗಿಲಿಗೆ ಕರೆತಂದು ಕೂರಿಸುತ್ತಿದ್ದರು. ಹಾಗಾಗಿ ನಾನು ಉಂಡ ಅನ್ನದಲ್ಲಿ ಅವರ ಪಾಲಿತ್ತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅವರ ರೈಫಲ್ಲು ಗಂಡನದು. ಯಜಮಾನರು ತೀರಿಕೊಳ್ಳುವ ಎರಡು ವರ್ಷ ಮೊದಲು ಬಾಯಾರು ಸ್ಕೂಟರಿನಿಂದ ಬಿದ್ದು ಬಲಭುಜದ ಎಲುಬು ಮುರಿದುಕೊಂಡಿದ್ದರು. ಬಂದೂಕು ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತ ತಾಳುತ್ತಿರಲಿಲ್ಲ. ಆಗ ಯಜಮಾನರು ಬಲ್ಲವರೊಬ್ಬರಿಂದ ನಳಿಗೆಯ ತುದಿಗೆ ಸಾಲಾಗಿ ಸಣ್ಣ ತೂತು ಹಾಕಿಸಿ ತಂದರು. ಒಳಗಿನ ಹೊಗೆ ಅರ್ಧ ಅಲ್ಲೇ ಪಕ್ಕಕ್ಕೆ ಹೊರಟುಹೋಗುತ್ತದೆ, ಭುಜಕ್ಕೆ ಪೆಟ್ಟು ಕಡಿಮೆ. ಕೊಳಲಿನಂತೆ ಕಾಣುತ್ತಿದ್ದ ಆ ನಳಿಗೆ ಗಂಡ ಕೊಟ್ಟ ಕೊನೆಯ ಉಡುಗೊರೆ. ಬೇರೆ ರೈಫಲ್ಲು ಹಿಡಿಯೆಂದರೆ ಅವರು ಕೇಳುತ್ತಲೇ ಇರಲಿಲ್ಲ.

ಅದಕ್ಕೆ ಬೇಕಾದ ಗುಂಡನ್ನೂ, ಪರವಾನಗಿ ಎಲ್ಲ ಸರಿಯಾಗಿಟ್ಟುಕೊಂಡು, ತಾವೇ ಎರೆಯುತ್ತಿದ್ದರು. ಅವರ ಮನೆಯಿದ್ದ ವಿಮಾನ ನಗರದಲ್ಲಿ ಆಗ ಮನೆಗಳಿಗಿಂತ ಬಯಲೇ ಜಾಸ್ತಿ. ಹಿತ್ತಲಲ್ಲಿ ಸ್ಟೋ ಹೊತ್ತಿಸಿ, ಕಬ್ಬಿಣದ ಬಾಣಲೆಯಲ್ಲಿ ಸೀಸ ಕರಗಿಸಿ, ಇಕ್ಕಳದಂತೆ ಬಾಯಿ ತೆರೆಯುವ ಅಚ್ಚಿಗೆ ಹುಯ್ಯುವುದು. ಮೊದಲ ನಾಲ್ಕೈದು ಗುಂಡು ಸುಕ್ಕುಸುಕ್ಕಾಗಿ ಬರುತ್ತಿದ್ದವು. ಅಚ್ಚು ಕಾಯಬೇಕು, ಕಾಯದ ಹಂಚಿನ ದೋಸೆಯೂ ಹಾಗೇ ಅಲ್ಲವೇ. ಕೈಗೆ ಬಂದ ಯಾವುದೇ ಸೀಸವಾಗಲಿ, ಬಾಣಲೆಗೆ ಹಾಕುವ ಮೊದಲು ಉಗುರೊತ್ತಿ ನೋಡುತ್ತಿದ್ದರು.

ನಾನು ಹೇಳುತ್ತಿರುವ ವರ್ಷ ಅವರಿಗೆ ಅರವತ್ತು ತುಂಬುವುದಿತ್ತು. ಕ್ಲಬ್ಬಿನ ವಾರ್ಷಿಕ ಸ್ಪರ್ಧೆಯಲ್ಲಿ ಹಳೆಯ ರೈಫಲ್ಲುಗಳದ್ದೇ ಒಂದು ಪಂದ್ಯ. ಅದೊಂದನ್ನು ಆಡಿ, ರೈಫಲ್ಲನ್ನು ಪೊಲೀಸರಿಗೆ ಒಪ್ಪಿಸಿ, ಇನ್ನು ಸಾಕು ಎಂದು ಕೈತೊಳೆದುಕೊಳ್ಳುವುದೆಂದು ನಿಶ್ಚಯಿಸಿದ್ದರು. ಆದರೆ ಆ ಸಲ ಸಿಕ್ಕ ಸೀಸ ತೀರ ಮೆತ್ತಗಿತ್ತು. ಗುಂಡು ತೂತುಗಳ ಮುಂದೆ ಹಾಯುವಾಗ ಅವುಗಳ ಅಂಚು ಅದನ್ನು ಹೆರೆಯುತ್ತಿತ್ತು. ಹೆರೆದ ಸೀಸ ತೂತಿನಲ್ಲಿ ಕಟ್ಟಿಕೊಳ್ಳುತ್ತಿತ್ತು, ಉಳಿದದ್ದು ಪಕ್ಕಕ್ಕೆ ಸಿಡಿಯುತ್ತಿತ್ತು. ಗುರಿಹಲಗೆಯ ಮೇಲೆ ಗುಂಡುಗಳು ಒಂದು ಮೂಡಲ, ಒಂದು ಪಡುವಲ. ಒಂದು ಚೂರು ಬಂದು ನನ್ನ ಕನ್ನಡಕದ ಗಾಜಿಗೆ ಬಡಿಯಿತು. ಬಾಯಾರು ತಕ್ಷಣ ರೈಫಲ್ಲು ಕೆಳಗಿಟ್ಟು, ನನ್ನ ಮುಖವನ್ನು ಹಿಡಿದು ತಿರುಗಿಸಿ ನೋಡಿದರು. ಗಟ್ಟಿ ಸೀಸ ಸಿಗದೆ ಇನ್ನು ಒಂದು ಗುಂಡೂ ಹಾರಿಸುವುದಿಲ್ಲ ಎಂದರು.

ಮರುದಿನ ಪ್ರೆಸ್ಸಿಗೆ ಬಂದರು. ಪಂದ್ಯಕ್ಕೆ ಇನ್ನೂ ಒಂದು ತಿಂಗಳಿತ್ತು. ಎಲ್ಲಕ್ಕಿಂತ ಗಟ್ಟಿ ಸೀಸವೆಂದರೆ ಅಚ್ಚಿನ ಮೊಳೆಯದು ಎಂದು ಅವರಿಗೆ ಯಾರೋ ಹೇಳಿದ್ದರು. ಹೇಳಿದವರು ಸುಳ್ಳು ಹೇಳಿರಲಿಲ್ಲ.

"ಪ್ರೆಸ್ಸಿನವರ, ನಿಮ್ಮ ಹಳೇ ಮೊಳಿ ಎರಡು ಕಿಲೋ ಕೊಡ್ತೀರೇನ್ರಿ? ಒಲ್ಲೆ ಅನಸಿದ್ರ ಒಲ್ಲೆ ಅನ್ರಿ, ನಾ ಏನ್ ಬ್ಯಾಸರ ಮಾಡ್ಕೊಳ್ಳಾಂಗಿಲ್ಲ."

ನೋಡಿ, ಬಾಗಿಲು ತೆರೆದೇ ಇಟ್ಟಿದ್ದರು. ಆದರೆ ನನಗೊಂದು ಹುಟ್ಟುರೋಗವಿದೆ, ನಮ್ಮ ಕಡೆ ಅದಕ್ಕೆ ಭಿಡೆ ಅನ್ನುತ್ತಾರೆ. ಎದುರಿಗೆ ಕೂತವರಿಗೆ ಇಲ್ಲ ಅನ್ನಲಿಕ್ಕೆ ನನ್ನಿಂದಾಗದು. ಭಿಡೆಗೆ ಬಿದ್ದು ನಾನು ಎರಡು ಭಜನಾ ಮಂಡಳಿಗಳಲ್ಲಿ ಸದಸ್ಯನಾಗಿದ್ದೇನೆ, ನನ್ನ ಕಂಠ ಕೇಳಿದವರು ಇದನ್ನು ನಂಬುವುದಿಲ್ಲ. ಅದರ ಮೇಲೆ ಇವರಂತೂ ನನಗೆ ಅನ್ನ ತೋರಿಸಿದವರು. "ಅದಕ್ಕೇನ್ರಿ ಬಾಯಾರ, ಕೊಡೂಣು," ಅಂದೆ. ಅಕ್ಷರ ನೀವು ಕರಗಿಸೋದು ಬೇಡ, ನಾನೇ ಕರಗಿಸಿ ಗಟ್ಟಿ ಮಾಡಿ ಕೊಡುತ್ತೇನೆ ಎಂದು ಮೇಲೊಂದು ಮಾತನ್ನೂ ಸೇರಿಸಿದೆ.

ಒಂದು ಮಧ್ಯಾಹ್ನ ಸವೆದ ಮೊಳೆಗಳನ್ನು ಆರಿಸಲು ಕೂತೆ. ಕೆಲಸ ಅರ್ಧಕ್ಕರ್ಧ ಕಂಪ್ಯೂಟರಿನವರ ಪಾಲಾಗಿತ್ತು, ಮೊಳೆಗಳ ಮೇಲೆ ಧೂಳು ಕೂತಿತ್ತು. ಹಾಗಿದ್ದರೂ ಯಾವುದನ್ನು ತೆಗೆದರೂ ಯಾರದೋ ಲಗ್ನಪತ್ರಿಕೆ ಅರ್ಧಕ್ಕೆ ನಿಂತುಬಿಡುತ್ತದೆ ಅನಿಸಿತು. ತೆಗೆದದ್ದನ್ನು ತಿರುಗಿ ಅದದರ ಗೂಡಿಗೆ ಹಾಕಿದೆ. ನಾಳೆ, ನಾಡಿದ್ದು, ಬರುವ ವಾರ ಎಂದು ಮೂರು ವಾರ ತಳ್ಳಿದೆ. ಬಾಯಾರು ಒಂದು ಸಲವೂ ಅವಸರಿಸಲಿಲ್ಲ. ಕಡೆಗೆ ರವಿವಾರ ಪಂದ್ಯ ಎನ್ನುವಾಗ ಬುಧವಾರ ಹಳೆಯ ಸಾಮಾನಿನ ಜುನಾ ಬಾಜಾರಿಗೆ ಹೋಗಿ, ಹಳೆಯ ನೀರಿನ ಕೊಳವೆಯ ಸೀಸವನ್ನೂ ಒಂದು ಸೊಟ್ಟ ಇಡ್ಲಿ ತಟ್ಟೆಯನ್ನೂ ಕೊಂಡುತಂದೆ. ಕರಗಿಸಿ ಹುಯ್ದು ಎಂಟು ಸೀಸದ ಇಡ್ಲಿ ಮಾಡಿದೆ. ಶುಕ್ರವಾರ ಸಂಜೆ ಅವರ ಮನೆಗೆ ಒಯ್ದು ಕೊಟ್ಟೆ.

ಒಂದನ್ನು ಕೈಯಲ್ಲಿ ಹಿಡಿದು ತೂಗಿದರು. ಭಾಳ ಉಪಕಾರ ಆತು ಎಂದರು. ನನ್ನೆದುರು ಉಗುರೊತ್ತಲಿಲ್ಲ. ನಂಬಿದರು ಎಂದುಕೊಂಡು, ಚಹಾ ಕೂಡ ಕುಡಿಯದೆ ಓಡಿಬಂದೆ.

ರವಿವಾರ ಬಾಯಾರು ಕ್ಲಬ್ಬಿಗೆ ಬಂದರು. ಅದೇ ಬಿಳಿ ಬೂಟು, ಆದರೆ ಕೈಯಲ್ಲಿ ರೈಫಲ್ಲಿರಲಿಲ್ಲ. ಭುಜ ನೋಯುತ್ತಿದೆ ಎಂದು ಎಲ್ಲರಿಗೂ ಹೇಳಿ, ಇಡೀ ದಿನ ಕುರ್ಚಿಯ ಮೇಲೆ ಕೂತು ಬೇರೆಯವರ ಅಂಕ ಬರೆದರು. ನನಗೇನನಿಸಿತು ಗೊತ್ತೇ? ಪಾರಾದೆ ಅನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನಿಸಿದ್ದು ಅದೇ. ಮುಂದಿನ ತಿಂಗಳು ಅವರು ರೈಫಲ್ಲು ಒಪ್ಪಿಸಿದರು. ಅದರ ಮುಂದಿನ ತಿಂಗಳು ತಂಗಿಯ ಮಗಳ ಲಗ್ನಪತ್ರಿಕೆ ಮಾಡಿಸಲು ಬಂದು, ಕಂಪ್ಯೂಟರ್ ಬೇಡ, ನಿಮ್ಮ ಮೊಳೆಯಿಂದಲೇ ಆಗಲಿ ಎಂದರು. ನಾನು ಉಬ್ಬಿಹೋದೆ.

ಪುಣೆ ಬಿಟ್ಟು ವಿಜಾಪುರಕ್ಕೆ ತಂಗಿಯ ಮನೆಗೆ ಹೋಗುವಾಗ ಒಂದು ಬಿಸ್ಕೀಟಿನ ಡಬ್ಬಿ ಕೊಟ್ಟುಹೋದರು. ನಿಮ್ಮ ಸೀಸ ಉಳಿದಿದೆ, ಇಟ್ಟುಕೊಳ್ಳಿ ಎಂದರು. ಆ ಡಬ್ಬಿ ತೆರೆಯುವ ಮುಖ ನನಗಿರಲಿಲ್ಲ. ಪತ್ರಿಕೆಯ ಕಟ್ಟುಗಳ ಮೇಲೆ ಭಾರಕ್ಕೆ ಇಡುತ್ತಿದ್ದೆ. ಆಮೇಲೆ ಪ್ರೆಸ್ಸು ಮುಚ್ಚಿ, ಖರಾಡಿಗೆ ಬಂದು, ನಾನೇ ಕಂಪ್ಯೂಟರಿನ ಮುಂದೆ ಕೂತೆ. ಮೊಳೆಗಳನ್ನು ಗುಜರಿ ಕೊಳ್ಳುವ ಮೋಡಕಾದವನು ಗೋಣಿಚೀಲದಲ್ಲಿ ತುಂಬಿಕೊಂಡು ಹೋದ. ಡಬ್ಬಿ ಮಾತ್ರ ಜೊತೆಗೆ ಬಂತು.

ಟೈರ್ ಅಂಗಡಿಯ ಸ್ಟೂಲಿನ ಮೇಲೆ ಹೊಳೆದದ್ದು ಇಷ್ಟು. ರಸ್ತೆಯಲ್ಲಿ ಬಿದ್ದ ಸೀಸಕ್ಕೂ ಉಗುರೊತ್ತುವ ಬಾಯಾರು ನಾನು ಕೊಟ್ಟದ್ದಕ್ಕೆ ಒತ್ತದೆ ಬಿಟ್ಟಾರೇ? ಹದಿಮೂರು ವರ್ಷ ಈ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ, ಅಂಥ ತಲೆ ನನ್ನದು.

ಮನೆಗೆ ಬಂದು ಡಬ್ಬಿ ತೆರೆದೆ. ಎಂಟಕ್ಕೆ ಎಂಟೂ ಇದ್ದವು. ಒಂದನ್ನೂ ಕರಗಿಸಿರಲಿಲ್ಲ. ಪ್ರತಿಯೊಂದರ ಮೇಲೂ ಉಗುರಿನ ಒಂದೊಂದು ಗುರುತು, ಆಳವಾಗಿ ಮೂಡಿತ್ತು. ಒಂದು ಮೆತ್ತಗಿದ್ದರೆ ಇನ್ನೊಂದಾದರೂ ಗಟ್ಟಿ ಇದ್ದೀತೆಂದು ಎಂಟನ್ನೂ ಒತ್ತಿ ನೋಡಿದ್ದರು.

ಹಳೆಯ ಡೈರಿಯಲ್ಲಿ ನಂಬರು ಹುಡುಕಿ ವಿಜಾಪುರಕ್ಕೆ ಫೋನು ಮಾಡಿದೆ. ಬಾಯಾರೇ ಎತ್ತಿಕೊಂಡರು. ಧ್ವನಿ ಸಣ್ಣದಾಗಿತ್ತು, ಆದರೆ ನನ್ನ ಗುರುತು ಹಿಡಿಯಲು ಅವರಿಗೆ ತಡವಾಗಲಿಲ್ಲ. ಡಬ್ಬಿಯನ್ನು ಇವತ್ತು ತೆರೆದೆ ಎಂದೆ. ಆ ಸೀಸ ಮೊಳೆಯದಲ್ಲ ಎಂದೆ.

"ಅದು ಅವತ್ತೇ ಗೊತ್ತಾತ್ರಿ. ಹೋಗ್ಲಿ ಬಿಡ್ರಿ, ಮೊಳಿ ಅದಾವಲ್ಲ?"

ಅದಾವ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಭಿಡೆ ಅಷ್ಟು ಹಳೆಯದು.

"ಇಲ್ರಿ ಬಾಯಾರ," ಅಂದೆ. "ಮಾರಿಬಿಟ್ಟೆ."

ಬಾಯಾರು ಸಿಟ್ಟಿಲ್ಲದೆ, ತರಗತಿಯಲ್ಲಿ ತಪ್ಪು ತಿದ್ದುವ ಹಾಗೆ ಹೇಳಿದರು.

"ಅವತ್ತೂ ಹಿಂಗ ಇಲ್ಲ ಅಂದಿದ್ರ ಆಗತಿತ್ತಲ್ರಿ. ಒಂದು ತಿಂಗಳು ಇತ್ತು ಕೈಯಾಗ. ನಿಮ್ಮ ಮೊಳೀನ ಬೇಕು ಅಂತ ಏನಿರಲಿಲ್ಲ, ಟೈರ್ ಅಂಗಡ್ಯಾಗಿನ ಸೀಸಾ ಸಾಕಾಗತಿತ್ತು."

ನಾನು ಜೇಬಿಗೆ ಕೈಹಾಕಿದೆ. ಆ ತುಂಡು ಅಲ್ಲೇ ಇತ್ತು.

"ಹೌದ್ರಿ ಬಾಯಾರ," ಅಂದೆ. "ಅದು ಗಟ್ಟಿ ಅದ."